ಆ್ಯಪ್ ಬದಲಿಸಿದಾಗಲೆಲ್ಲ ಕೆಲಸ ಸಾಗುತ್ತಿತ್ತು: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣದವರು ಹಸ್ತಪ್ರತಿ ತಿದ್ದುವ ಕೆಲಸ ಮಾಡುತ್ತಾರೆ. ನೌಕರಿ ಬಿಟ್ಟು ಸ್ವತಂತ್ರವಾಗಿ ದುಡಿಯಲು ತೊಡಗಿ ಕೆಲವು ವರ್ಷಗಳಾಗಿವೆ. ಯಾವಾಗ ನೋಡಿದರೂ ಐದಾರು ಕಡೆಯ ಕೆಲಸ ಕೈಯಲ್ಲಿರುತ್ತದೆ: ಒಬ್ಬರದು ಇಡೀ ಪುಸ್ತಕ, ಇನ್ನೊಬ್ಬರದು ಎರಡು ಪುಟದ ಕರಪತ್ರ, ಮತ್ತೊಬ್ಬರದು ತಿಂಗಳಿಗೊಮ್ಮೆ ಬರುವ ವರದಿ. ಮನೆಯಲ್ಲಿ ಶಾಲೆಗೆ ಹೋಗುವ ಮಗು, ವೈದ್ಯರ ಭೇಟಿ ತಪ್ಪಿಸುವಂತಿಲ್ಲದ ಹಿರಿಯರು. ಗುರುತು ಸಿಗದಿರಲೆಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಮುಂದೆ ‘ಸಂಪಾದಕಿ’ ಎಂದಷ್ಟೇ ಕರೆಯುತ್ತೇನೆ.

ಕೆಲಸದ ವ್ಯವಸ್ಥೆ ಸರಿಮಾಡಿಕೊಳ್ಳಬೇಕೆನ್ನುವವರ ಜೊತೆ ಕೂತು ನೋಡುವುದು ನನ್ನ ಕೆಲಸದ ಒಂದು ಭಾಗ. ಹೆಚ್ಚಿನವರು ತರುವ ಪ್ರಶ್ನೆಯನ್ನೇ ಇವರೂ ತಂದಿದ್ದರು: “ಸರ್, ಯಾವ ಆ್ಯಪ್ ಹಾಕ್ಕೊಳ್ಳಲಿ? ನಾನು ನೋಡದೇ ಇರೋದು ಯಾವುದಾದ್ರೂ ಇದ್ರೆ ಹೇಳಿ.”

ಕೊನೆಯ ಮಾತಿನಲ್ಲಿ ಹುರುಳಿತ್ತು. ಅವರು ನೋಡದಿದ್ದುದು ಹೆಚ್ಚೇನೂ ಉಳಿದಿರಲಿಲ್ಲ. ಮೊದಲು ಡೈರಿ. ಆಮೇಲೆ ಸಾದಾ ಪಟ್ಟಿಯ ಆ್ಯಪ್. ಅದು ಸಾಲದೆಂದು ಟೇಬಲ್, ಟ್ಯಾಗ್, ಮುಖಪುಟ ಎಲ್ಲ ಕಟ್ಟಿಕೊಳ್ಳಬಹುದಾದ ದೊಡ್ಡ ನೋಟ್ ಆ್ಯಪ್. ಅದರ ಭಾರ ತಾಳದೆ, ಕಾರ್ಡುಗಳನ್ನು ಒಂದು ಕಾಲಂನಿಂದ ಇನ್ನೊಂದಕ್ಕೆ ಎಳೆದು ಹಾಕುವ ಬೋರ್ಡು. ನನ್ನ ಬಳಿ ಬಂದಾಗ ದಿನವನ್ನೆಲ್ಲ ಕ್ಯಾಲೆಂಡರಿನಲ್ಲಿ ಗಂಟೆಗಂಟೆಗೆ ಭಾಗ ಮಾಡಿ, ಪ್ರತಿ ಕೆಲಸಕ್ಕೂ ಬಣ್ಣದ ಚೌಕ ಕೊಡುವ ಪ್ರಯೋಗ ನಡೆದಿತ್ತು. ಬೆಳಗಿನ ಮೊದಲ ಫೋನ್ ಕರೆಗೇ ಆ ಚೌಕಗಳು ಒಂದರ ಮೇಲೊಂದು ಬೀಳುತ್ತಿದ್ದವು.

ಹಾಗೆಂದು ಇವರು ಸೋಮಾರಿಯಲ್ಲ, ತಂತ್ರಜ್ಞಾನ ಬಾರದವರೂ ಅಲ್ಲ. ಪ್ರತಿಯೊಂದನ್ನೂ ಶ್ರದ್ಧೆಯಿಂದಲೇ ಬಳಸಿದ್ದರು. ಪ್ರತಿಯೊಂದೂ ಮೊದಲ ಎರಡು ಮೂರು ವಾರ ಬಹಳ ಚೆನ್ನಾಗಿಯೇ ನಡೆದಿತ್ತು. ಈ ಎರಡನೆಯ ಸಂಗತಿಯನ್ನು ನೆನಪಿನಲ್ಲಿಡಿ. ಪ್ರಕರಣ ತಿರುಗಿದ್ದು ಅಲ್ಲೇ.

ಸಮಸ್ಯೆ ಹೇಗೆ ಕಾಣುತ್ತಿತ್ತು

ಹೊರಗಿನಿಂದ ನೋಡಿದರೆ ದೂರು ಸರಳ. ಮಾತು ಕೊಟ್ಟ ಕೆಲಸ ಮರೆತುಹೋಗುತ್ತದೆ. ಯಾರೋ ನೆನಪಿಸಿದಾಗ ಗಾಬರಿ, ರಾತ್ರಿ ಕೂತು ಮುಗಿಸುವುದು, ಮರುದಿನ ಮತ್ತೊಂದು ಮರೆವು. ಎರಡು ಸಲ ಹಳೆಯ ಗ್ರಾಹಕರು ಬೇರೆಯವರನ್ನು ನೋಡಿಕೊಂಡಿದ್ದರು.

ಫೋನ್ ತೆರೆದು ತೋರಿಸಿದಾಗ ಕಂಡದ್ದು ಬೇರೆ. ಪಟ್ಟಿಯಲ್ಲಿ ನೂರಕ್ಕೂ ಹೆಚ್ಚು ಕೆಲಸ. ಅರ್ಧಕ್ಕಿಂತ ಹೆಚ್ಚು ಕೆಂಪು, ಅಂದರೆ ದಿನಾಂಕ ದಾಟಿದವು. ಪ್ರತಿ ರಾತ್ರಿ ಮಲಗುವ ಮುಂಚೆ ಅವರು ಒಂದು ಕೆಲಸ ತಪ್ಪದೆ ಮಾಡುತ್ತಿದ್ದರು: ಬಾಕಿ ಇರುವುದನ್ನೆಲ್ಲ ಒಟ್ಟಿಗೆ ಆರಿಸಿ ‘ನಾಳೆ’ ಒತ್ತುವುದು. ಈ ಸೌಲಭ್ಯ ಹಲವು ಆ್ಯಪ್‌ಗಳಲ್ಲಿದೆ. ಕೆಂಪೆಲ್ಲ ಒಂದೇ ಒತ್ತಿಗೆ ಮಾಯ. ಬೆಳಿಗ್ಗೆ ಎದ್ದರೆ ಇವತ್ತಿನ ಪಟ್ಟಿಯಲ್ಲಿ ಅರವತ್ತು ಎಪ್ಪತ್ತು ಕೆಲಸ. ಅಷ್ಟನ್ನು ಒಂದು ದಿನದಲ್ಲಿ ಯಾರೂ ಮಾಡಲಾರರು. ಅದು ಅವರಿಗೂ ಗೊತ್ತು. ಹಾಗಾಗಿ ಪಟ್ಟಿ ತೆರೆಯುವುದನ್ನೇ ಬಿಟ್ಟು ವಾಟ್ಸ್‌ಆ್ಯಪ್ ತೆರೆಯುತ್ತಿದ್ದರು. ಅಲ್ಲಿ ಯಾರು ಮೇಲಿದ್ದಾರೋ ಅವರ ಕೆಲಸ ಮೊದಲು.

ಪಟ್ಟಿಯ ಸಾಲುಗಳೂ ಒಂದು ಥರ. “ವಿಮೆ” ಎಂದು ಒಂದು. “ಪ್ರೂಫ್” ಎಂದು ಒಂದು. “ಅಧ್ಯಾಯ 4??” ಎಂದು ಇನ್ನೊಂದು. ವಿಮೆ ಅಂದರೆ ಏನು ಮಾಡಬೇಕಿತ್ತು ಎಂದು ಕೇಳಿದೆ. ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿ, “ಕಟ್ಟೋದಲ್ಲ, ಅದು ತಾನಾಗೇ ಹೋಗತ್ತೆ. ನಾಮಿನಿ ಹೆಸರು ಬದಲಿಸ್ಬೇಕಿತ್ತು ಅನ್ಸತ್ತೆ,” ಎಂದರು. ಆ ಸಾಲು ಹಲವು ತಿಂಗಳಿಂದ ಅಲ್ಲೇ ಇತ್ತು. ಪ್ರತಿ ಸಲ ಕಣ್ಣಿಗೆ ಬಿದ್ದಾಗಲೂ ಅದು ಏನೆಂದು ಮೊದಲಿನಿಂದ ಯೋಚಿಸಬೇಕು. ಅಷ್ಟು ಯೋಚಿಸುವ ಬದಲು ‘ನಾಳೆ’ ಒತ್ತುವುದು ಸುಲಭ.

ಮೊದಲು ಮಾಡಿದ್ದು: ಸದ್ದು ಕಡಿಮೆ

ಆ್ಯಪ್ ಆಯ್ಕೆಯನ್ನು ಪಕ್ಕಕ್ಕಿಟ್ಟು ಮೊದಲು ನೋಟಿಫಿಕೇಶನ್ ಕಡೆಗೆ ಕೈ ಹಾಕಿದೆವು. ಇದರಲ್ಲಿ ವಿವಾದವಿಲ್ಲ, ಖರ್ಚೂ ಇಲ್ಲ. ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರಿದಾಗ ಗಮನದ ಒಂದು ಪಾಲು ಹಿಂದಿನ ಕೆಲಸದಲ್ಲೇ ಉಳಿದುಬಿಡುತ್ತದೆ ಎಂಬುದನ್ನು ಸೋಫಿ ಲೆರಾಯ್ 2009ರ ಅಧ್ಯಯನದಲ್ಲಿ ತೋರಿಸಿದ್ದರು. ಸಂಪಾದಕಿಯ ಕೆಲಸದಲ್ಲಿ ಇದು ಕಣ್ಣಿಗೇ ಕಾಣುತ್ತದೆ. ವಾಕ್ಯದ ನಡುವೆ ಫೋನ್ ನೋಡಿ ಬಂದರೆ, ಅದೇ ಪ್ಯಾರಾವನ್ನು ಮತ್ತೆ ಮೊದಲಿನಿಂದ ಓದಬೇಕು.

ಫೋನುಗಳಲ್ಲಿ ಇದಕ್ಕೆ ಬೇಕಾದ್ದೆಲ್ಲ ಈಗಾಗಲೇ ಇದೆ. ಆಂಡ್ರಾಯ್ಡ್ 8 ಬಂದಾಗಿನಿಂದ, ಅಂದರೆ 2017ರಿಂದ, ಒಂದೇ ಆ್ಯಪ್‌ನ ಬೇರೆ ಬೇರೆ ಬಗೆಯ ಸೂಚನೆಗಳನ್ನು ಪ್ರತ್ಯೇಕವಾಗಿ ನಿಲ್ಲಿಸಬಹುದು: ಬ್ಯಾಂಕಿನ ವ್ಯವಹಾರದ ಸೂಚನೆ ಇರಲಿ, ಅದೇ ಆ್ಯಪ್‌ನ ಸಾಲದ ಜಾಹೀರಾತು ಬೇಡ ಎನ್ನಬಹುದು. ಆಂಡ್ರಾಯ್ಡ್ 13ರಿಂದ, 2022ರ ಹೊತ್ತಿಗೆ, ಹೊಸ ಆ್ಯಪ್‌ಗಳು ಸೂಚನೆ ಕಳಿಸುವ ಮೊದಲು ಅನುಮತಿ ಕೇಳಲೇಬೇಕಾಯಿತು. ಐಫೋನಿನಲ್ಲಿ 2021ರ ಐಓಎಸ್ 15ರ ಜೊತೆ, ಆರಿಸಿದ ಸೂಚನೆಗಳನ್ನಷ್ಟೇ ಒಳಗೆ ಬಿಡುವ ‘ಫೋಕಸ್’ ಬಂತು. ಸಂಪಾದಕಿಯ ಫೋನಿನಲ್ಲಿ ಕರೆ, ಮಗುವಿನ ಶಾಲೆಯ ಗುಂಪು, ಬ್ಯಾಂಕು ಇಷ್ಟನ್ನು ಉಳಿಸಿ ಮಿಕ್ಕಿದ್ದನ್ನೆಲ್ಲ ಮೌನ ಮಾಡಿದೆವು.

ಫಲ ಅರ್ಧ ಸಿಕ್ಕಿತು. ಅಡಚಣೆ ಇಳಿಯಿತು, ಓದುವ ವೇಗ ಹೆಚ್ಚಿತು. ಆದರೆ ಫೋನ್ ಸದ್ದು ಮಾಡದಿದ್ದರೂ ಅವರೇ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಅದನ್ನು ತೆಗೆದು ನೋಡುತ್ತಿದ್ದರು. ಏಕೆ ಎಂದು ಕೇಳಿದ್ದಕ್ಕೆ, “ಏನೋ ಬಿಟ್ಟುಹೋಗಿರತ್ತೆ ಅನ್ಸತ್ತೆ. ಯಾರಿಗೋ ಏನೋ ಹೇಳಿದ್ದೆ,” ಎಂದರು.

ಈ ಮಾತನ್ನು ಬಿಡಿಸಿ ನೋಡುವುದಕ್ಕೆ ಬೆಲೆಯಿತ್ತು. ಮುಗಿಯದ ಕೆಲಸ ತಲೆಯೊಳಗೆ ಕಾಡುತ್ತಿರುತ್ತದೆ ಎಂಬ ವಿಚಾರ ಹಳೆಯದು; ಬ್ಲೂಮಾ ಝೈಗಾರ್ನಿಕ್ 1927ರಲ್ಲೇ ಅರ್ಧಕ್ಕೆ ನಿಂತ ಕೆಲಸಗಳ ನೆನಪಿನ ಬಗ್ಗೆ ಬರೆದಿದ್ದರು. ನಮಗೆ ಹೆಚ್ಚು ಕೆಲಸಕ್ಕೆ ಬಂದದ್ದು ಮ್ಯಾಸಿಕಾಂಪೊ ಮತ್ತು ಬಾಮೈಸ್ಟರ್ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳು. ಕೆಲಸ ಮುಗಿಯದಿದ್ದರೂ ಪರವಾಗಿಲ್ಲ, ಅದನ್ನು ಹೇಗೆ ಯಾವಾಗ ಮಾಡುತ್ತೇನೆ ಎಂಬ ಸ್ಪಷ್ಟ ಯೋಜನೆ ಮಾಡಿಕೊಂಡರೆ ಆ ಕಾಟ ತಗ್ಗುತ್ತದೆ ಎಂದು ಅವರು ಕಂಡಿದ್ದರು. ಸಂಪಾದಕಿಯ ಹತ್ತಿರ ನೂರು ಸಾಲು ಬರೆದಿಟ್ಟಿದ್ದರೂ ಕಾಟ ತಗ್ಗಿರಲಿಲ್ಲ. “ಪ್ರೂಫ್” ಎಂಬುದು ಯೋಜನೆಯಲ್ಲ. ರಾತ್ರಿ ‘ನಾಳೆ’ ಒತ್ತಿ ಹಾಕಿದ ದಿನಾಂಕವೂ ಯೋಜನೆಯಲ್ಲ. ಅದನ್ನು ಹಾಕಿದವರೇ ಅದನ್ನು ನಂಬುತ್ತಿರಲಿಲ್ಲ.

ಕೆಲಸ ಎಲ್ಲಿಂದ ಬರುತ್ತದೆ?

ಮುಂದಿನ ಒಂದು ವಾರ ಯಾವ ಬದಲಾವಣೆಯೂ ಬೇಡ, ಬರೀ ದಾಖಲೆ ಮಾಡೋಣ ಎಂದು ಒಪ್ಪಿಕೊಂಡೆವು. ಮೇಜಿನ ಮೇಲೊಂದು ಹಾಳೆ. ಹೊಸ ಕೆಲಸ ಬಂದಾಗಲೆಲ್ಲ ಎರಡೇ ಸಂಗತಿ ಬರೆಯಬೇಕು: ಯಾವ ದಾರಿಯಿಂದ ಬಂತು, ಅದನ್ನು ಎಲ್ಲಿ ಇಟ್ಟೆ.

ಹಾಳೆ ತುಂಬಿದ ಮೇಲೆ ನೋಡಿದರೆ, ಆ್ಯಪ್‌ನಲ್ಲಿ ಬರೆದಿದ್ದು ಹೆಚ್ಚಿನದೆಲ್ಲ ಅವರಿಗೆ ಅವರೇ ಹೊಳೆಸಿಕೊಂಡ ಕೆಲಸ: ಹಳೆಯ ಫೋಟೋ ಜೋಡಿಸಬೇಕು, ಹೊಸ ಶೈಲಿ ಕೈಪಿಡಿ ಓದಬೇಕು, ಮೇಜು ಖಾಲಿ ಮಾಡಬೇಕು. ಬೇರೆಯವರಿಗೆ ಮಾತು ಕೊಟ್ಟದ್ದು ಬಹುಪಾಲು ವಾಟ್ಸ್‌ಆ್ಯಪ್ ಸಂದೇಶದಲ್ಲೋ ಫೋನ್ ಮಾತಿನಲ್ಲೋ ಉಳಿದಿತ್ತು. ಅಂದರೆ ತಪ್ಪಿದರೂ ನಡೆಯುವಂಥದ್ದು ಪಟ್ಟಿಯಲ್ಲಿ. ತಪ್ಪಬಾರದ್ದು ಪಟ್ಟಿಯ ಹೊರಗೆ.

ಸಂದೇಶ ಕಳೆದುಹೋಗುವ ಬಗೆಯನ್ನು ಹತ್ತಿರದಿಂದ ನೋಡಿದೆವು. ಮಧ್ಯಾಹ್ನ ಒಂದು ಮೆಸೇಜ್: “ಮೇಡಂ, ಆ ಪರಿಶಿಷ್ಟ ಒಂದ್ಸಲ ಕಣ್ಣಾಡಿಸಿ, ಅರ್ಜೆಂಟಿಲ್ಲ.” ಅವರು ಮಗುವನ್ನು ಕರೆತರಲು ಹೊರಟಿದ್ದರು. ತೆರೆದು ಓದಿ, “ಖಂಡಿತ” ಎಂದು ಉತ್ತರಿಸಿದರು. ಅಷ್ಟೇ. ತೆರೆದ ಮೇಲೆ ಆ ಸಂದೇಶ ‘ಓದಿಲ್ಲ’ ಎಂಬ ಗುರುತನ್ನು ಕಳೆದುಕೊಂಡಿತು. ಉತ್ತರಿಸಿದ ಮೇಲೆ ಮನಸ್ಸಿಗೂ ಅದು ಮುಗಿದ ವಿಷಯವಾಯಿತು. ಸಂಜೆಯ ಹೊತ್ತಿಗೆ ಶಾಲೆಯ ಗುಂಪಿನ ಹತ್ತಾರು ಸಂದೇಶಗಳ ಕೆಳಗೆ ಅದು ಇಳಿದುಹೋಗಿತ್ತು. ನಕ್ಷತ್ರ ಹಾಕುವ ಅಭ್ಯಾಸವೂ ಅವರಿಗಿತ್ತು, ಆದರೆ ನಕ್ಷತ್ರ ಹಾಕಿದ ಸಂದೇಶಗಳ ಪುಟವನ್ನು ತೆರೆದು ಎಷ್ಟೋ ಕಾಲವಾಗಿತ್ತು. ಅದೂ ಇನ್ನೊಂದು ಪಟ್ಟಿಯೇ ಆಗಿತ್ತು, ಯಾರೂ ನೋಡದ ಪಟ್ಟಿ.

ಹುಡುಕಿ ತೆಗೆಯೋಣವೆಂದರೆ ಅಲ್ಲೂ ತೊಡಕು. ಒಬ್ಬರೇ ಗ್ರಾಹಕರ ಹೆಸರು ಒಮ್ಮೆ ಕನ್ನಡ ಲಿಪಿಯಲ್ಲಿ, ಒಮ್ಮೆ ಇಂಗ್ಲಿಷ್ ಅಕ್ಷರದಲ್ಲಿ, ಅದೂ ಎರಡು ಮೂರು ಕಾಗುಣಿತದಲ್ಲಿ. ಫೋನಿನ ಹುಡುಕಾಟಕ್ಕೆ ಅವೆಲ್ಲ ಬೇರೆ ಬೇರೆ ಪದ. ಕನ್ನಡದಲ್ಲೇ ಬರೆದಿದ್ದರೂ ಕೆಲವೊಮ್ಮೆ, ರಕಾರ ಯಕಾರ ಕೂಡುವಂಥ ಕಡೆ, ಕಣ್ಣಿಗೆ ಕಾಣದ ಶೂನ್ಯ ಅಗಲದ ಜೋಡಕವೊಂದು ಪದದೊಳಗೆ ಸೇರಿರುತ್ತದೆ. ಒಂದು ಕೀಬೋರ್ಡ್ ಅದನ್ನು ಹಾಕುತ್ತದೆ, ಇನ್ನೊಂದು ಹಾಕುವುದಿಲ್ಲ. ಓದುವವರಿಗೆ ಒಂದೇ ಪದ, ಯಂತ್ರಕ್ಕೆ ಎರಡು. ಕನ್ನಡದಲ್ಲಿ ಟಿಪ್ಪಣಿ ಇಡುವವರು ಹೊಸ ಆ್ಯಪ್ ಒಪ್ಪಿಕೊಳ್ಳುವ ಮೊದಲು ತಮ್ಮದೇ ನಾಲ್ಕು ಪದ ಹಾಕಿ ಹುಡುಕಿ ನೋಡಬೇಕು. ಜಾಹೀರಾತಿನ ಪುಟದಲ್ಲಿ ಇದರ ಮಾತೇ ಬರುವುದಿಲ್ಲ.

ತಿರುವು

ಹಳೆಯ ಆ್ಯಪ್‌ಗಳಲ್ಲಿ ಉಳಿದಿದ್ದನ್ನು ಅಳಿಸುವ ಮೊದಲು ಒಂದು ಸಲ ತೆರೆದು ನೋಡೋಣ ಎಂದು ಕೂತೆವು. ಡೈರಿ, ಪಟ್ಟಿ, ದೊಡ್ಡ ನೋಟ್ ಆ್ಯಪ್, ಬೋರ್ಡು, ಎಲ್ಲದರಲ್ಲೂ ಒಂದೇ ಆಕಾರ. ಮೊದಲ ಪುಟ ಅಚ್ಚುಕಟ್ಟು. ಅಲ್ಲಿ “ಪ್ರೂಫ್” ಎಂದಿಲ್ಲ. “ಮೂರನೇ ಅಧ್ಯಾಯದ ಅಡಿಟಿಪ್ಪಣಿ ಸಂಖ್ಯೆ ಸರಿಯಿದೆಯೇ ನೋಡಿ ಕಳಿಸು” ಎಂದಿದೆ. ಗ್ರಾಹಕರ ಹೆಸರಿದೆ. ಸತ್ತ ಕೆಲಸಗಳಿಲ್ಲ. ಎರಡು ಮೂರು ವಾರ ದಾಟಿದ ಮೇಲೆ ಸಾಲುಗಳು ಮೊಟಕಾಗುತ್ತ, ಒಂದೊಂದು ಪದಕ್ಕಿಳಿದು, ಕೊನೆಗೆ ನಿಂತುಹೋಗಿವೆ.

ಅವರೇ ಹೇಳಿದರು: “ಹೊಸದಕ್ಕೆ ಹಾಕೋವಾಗ ಎಲ್ಲಾನೂ ಒಂದ್ಸಲ ಓದ್ತೀನಲ್ಲ ಸರ್. ಬೇಡದ್ದು ಬಿಟ್ಬಿಡ್ತೀನಿ. ಆ ಎರಡು ದಿನ ಎಷ್ಟು ಹಗುರ ಅನ್ಸತ್ತೆ ಗೊತ್ತಾ.”

ಆ ಕ್ಷಣಕ್ಕೆ ಮುಂಚೆ ನಮ್ಮಿಬ್ಬರಿಗೂ ಇದು ಹೊಳೆದಿರಲಿಲ್ಲ. ಆ್ಯಪ್ ಬದಲಿಸಿದಾಗಲೆಲ್ಲ ಅವರು ತಿಳಿಯದೆಯೇ ಒಂದು ಪೂರ್ತಿ ಪರಿಶೀಲನೆ ಮಾಡುತ್ತಿದ್ದರು. ಪ್ರತಿ ಸಾಲನ್ನೂ ಎತ್ತಿ ನೋಡುವುದು, ಇದು ಇನ್ನೂ ಬೇಕೇ ಎಂದು ಕೇಳಿಕೊಳ್ಳುವುದು, ಬೇಕಿದ್ದರೆ ಅರ್ಥವಾಗುವ ಹಾಗೆ ಮತ್ತೆ ಬರೆಯುವುದು. ಮೊದಲ ಮೂರು ವಾರದ ಯಶಸ್ಸು ಆ ಪರಿಶೀಲನೆಯದು. ಹೆಸರು ಮಾತ್ರ ಹೊಸ ಆ್ಯಪ್‌ಗೆ ಹೋಗುತ್ತಿತ್ತು. ಪರಿಶೀಲನೆ ಹಳತಾದಾಗ ಪಟ್ಟಿ ಕೆಡುತ್ತಿತ್ತು, ತಪ್ಪು ಆ್ಯಪ್‌ನದೆಂದು ತೋರುತ್ತಿತ್ತು, ಮತ್ತೊಂದರ ಹುಡುಕಾಟ ಶುರುವಾಗುತ್ತಿತ್ತು.

ಇದನ್ನು ಬೇಕೆಂದೇ ಮಾಡುವ ಪದ್ಧತಿಯೂ ಇದೆ. ರೈಡರ್ ಕ್ಯಾರೊಲ್ 2013ರಲ್ಲಿ ಜನರ ಮುಂದಿಟ್ಟ ಬುಲೆಟ್ ಜರ್ನಲ್ ಪದ್ಧತಿಯಲ್ಲಿ, ತಿಂಗಳು ಮುಗಿದಾಗ ಉಳಿದ ಕೆಲಸಗಳನ್ನು ಕೈಯಿಂದಲೇ ಹೊಸ ಪುಟಕ್ಕೆ ಬರೆದುಕೊಳ್ಳಬೇಕು. ಮತ್ತೆ ಬರೆಯುವಷ್ಟು ಬೆಲೆಯಿಲ್ಲದ ಕೆಲಸ ಅಲ್ಲೇ ಉದುರಲಿ ಎಂಬುದೇ ಅದರ ಉದ್ದೇಶ. ಡಿಜಿಟಲ್ ಪಟ್ಟಿಯಲ್ಲಿ ಈ ಶ್ರಮವೇ ಇಲ್ಲ. ಒಂದು ಸಾಲು ಎಷ್ಟು ವರ್ಷ ಬೇಕಾದರೂ ಯಾರ ಕೈಯನ್ನೂ ನೋಯಿಸದೆ ಕೂತಿರಬಲ್ಲದು. ಡಿಜಿಟಲ್ ಪಟ್ಟಿ ಕೊಡುವ ಅನುಕೂಲವೂ ಇದೇ, ಅದು ಕೆಡುವುದೂ ಇದರಿಂದಲೇ.

ತೀರ್ಮಾನಗಳು

ಹೊಸ ಆ್ಯಪ್ ಬೇಡ ಎಂದು ಅಂದೇ ನಿರ್ಧಾರವಾಯಿತು. ಫೋನಿನ ಜೊತೆ ಬಂದಿದ್ದ ಸಾದಾ ಪಟ್ಟಿಯ ಆ್ಯಪ್ ಸಾಕು, ಆದರೆ ಎರಡು ಪರೀಕ್ಷೆ ಪಾಸಾಗಬೇಕು. ಒಂದು, ಫೋನ್ ಕೈಗೆತ್ತಿಕೊಂಡು ಒಂದು ಸಾಲು ಬರೆದು ಮುಗಿಸುವ ಹೊತ್ತಿಗೆ ದಾರಿಯಲ್ಲಿ ಬೇರೆ ಏನನ್ನೂ ಆರಿಸುವ ಹಾಗಿರಬಾರದು: ಯಾವ ಪ್ರಾಜೆಕ್ಟ್, ಯಾವ ಟ್ಯಾಗ್, ಯಾವ ಬಣ್ಣ ಎಂದು ಕೇಳಬಾರದು. ಎರಡು, ಒಳಗೆ ಹೋದದ್ದು ಹೊರಗೆ ಬರಬೇಕು.

ಎರಡನೆಯದರ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಆ್ಯಪ್ ಆರಿಸುವಾಗ ಇದನ್ನು ಯಾರೂ ನೋಡುವುದಿಲ್ಲ. ವಂಡರ್‌ಲಿಸ್ಟ್ ಜನಪ್ರಿಯ ಪಟ್ಟಿಯ ಆ್ಯಪ್ ಆಗಿತ್ತು. ಮೈಕ್ರೋಸಾಫ್ಟ್ ಅದನ್ನು 2015ರಲ್ಲಿ ಕೊಂಡು, 2020ರ ಮೇ 6ರಂದು ಮುಚ್ಚಿತು. ಗೂಗಲ್‌ನ ‘ಇನ್‌ಬಾಕ್ಸ್’ ಎಂಬ ಇಮೇಲ್ ಆ್ಯಪ್ 2014ರಲ್ಲಿ ಬಂದು 2019ರಲ್ಲಿ ಹೋಯಿತು. ಇವು ಹಾಳಾದ ಉತ್ಪನ್ನಗಳೇನಲ್ಲ, ಮೆಚ್ಚಿಕೊಂಡವರು ಬಹಳ ಮಂದಿ ಇದ್ದರು. ಆ್ಯಪ್‌ನ ಆಯಸ್ಸು ಬಳಸುವವರ ಕೈಯಲ್ಲಿಲ್ಲ, ಅಷ್ಟೇ. ಹಾಗಾಗಿ ಸಂಪಾದಕಿ ತಮ್ಮ ಹಳೆಯ ಆ್ಯಪ್‌ಗಳಿಂದ ಎಕ್ಸ್‌ಪೋರ್ಟ್ ಮಾಡಿ ನೋಡಿದರು. ಒಂದರಿಂದ ಸಾದಾ ಪಠ್ಯವಾಗಿ ಎಲ್ಲ ಬಂತು. ಇನ್ನೊಂದರಿಂದ ಕೆಲಸದ ಸಾಲು ಬಂತು, ದಿನಾಂಕ ಬರಲಿಲ್ಲ. ಮತ್ತೊಂದರಲ್ಲಿ ಲಗತ್ತಿಸಿದ ಕಡತಗಳ ಜಾಗದಲ್ಲಿ ಬರೀ ಕೊಂಡಿ ಇತ್ತು, ಅದನ್ನು ತೆರೆಯಲು ಮತ್ತೆ ಅದೇ ಖಾತೆಗೆ ಲಾಗಿನ್ ಆಗಬೇಕು. ಎಕ್ಸ್‌ಪೋರ್ಟ್ ಬಟನ್ ಇದೆ ಎಂಬುದರಿಂದ ತೃಪ್ತಿಪಡದೆ, ಹೊರಬಂದ ಕಡತವನ್ನು ಬೇರೆ ಕಡೆ ತೆರೆದು ನೋಡಬೇಕು. ಕ್ಯಾಲೆಂಡರಿನ ವಿಷಯದಲ್ಲಿ ಈ ಚಿಂತೆ ಕಡಿಮೆ. ಐಕ್ಯಾಲೆಂಡರ್ ಎಂಬ ಸಾಮಾನ್ಯ ನಮೂನೆ 1998ರಿಂದಲೇ ಇದೆ, ದೊಡ್ಡ ಕ್ಯಾಲೆಂಡರ್‌ಗಳೆಲ್ಲ ಅದನ್ನು ಓದಬಲ್ಲವು.

ಆಮೇಲೆ ದಿನಾಂಕದ ನಿಯಮ. ದಿನಾಂಕ ದಾಟಿದರೆ ಬೇರೆ ಒಬ್ಬರಿಗೆ ತೊಂದರೆಯಾಗುವ ಹಾಗಿದ್ದರೆ ಮಾತ್ರ ದಿನಾಂಕ. ‘ಮಾಡಿದರೆ ಒಳ್ಳೆಯದು’ ಎಂಬುದಕ್ಕೆ ದಿನಾಂಕವಿಲ್ಲ. ಅವರಿಗೆ ಇದೇ ಎಲ್ಲಕ್ಕಿಂತ ಕಷ್ಟವಾಗಿದ್ದು. “ದಿನಾಂಕ ಹಾಕ್ದೇ ಇದ್ರೆ ಮಾಡೋದೇ ಇಲ್ಲ,” ಎಂದು ವಾದಿಸಿದರು. ಹಾಕಿದಾಗಲೂ ಮಾಡುತ್ತಿರಲಿಲ್ಲವಲ್ಲ ಎಂದೆ. ನಕ್ಕು ಒಪ್ಪಿಕೊಂಡರೂ ಒಳಗೊಳಗೇ ಒಪ್ಪಿರಲಿಲ್ಲ. ಮೊದಲ ವಾರಗಳಲ್ಲಿ ಕದ್ದು ದಿನಾಂಕ ಹಾಕಿದ ಸಾಲುಗಳು ಅಲ್ಲಲ್ಲಿ ಸಿಕ್ಕವು.

ಮಾತು ಕೊಟ್ಟಾಗ ಏನು ಮಾಡಬೇಕು ಎಂಬುದಕ್ಕೆ ಒಂದು ‘ಆದರೆ–ಆಗ’ ನಿಯಮ ಮಾಡಿಕೊಂಡರು. ಹೀಗಾದರೆ ಹೀಗೆ ಮಾಡುತ್ತೇನೆ ಎಂದು ಸಂದರ್ಭಕ್ಕೂ ಕ್ರಿಯೆಗೂ ಮೊದಲೇ ಗಂಟು ಹಾಕಿಕೊಂಡರೆ ಉದ್ದೇಶ ಕಾರ್ಯರೂಪಕ್ಕೆ ಬರುವ ಸಾಧ್ಯತೆ ಹೆಚ್ಚುತ್ತದೆ ಎಂದು ಪೀಟರ್ ಗಾಲ್ವಿಟ್ಜರ್ 1999ರ ಲೇಖನದಲ್ಲಿ ವಿವರಿಸಿದ್ದಾರೆ. ಇವರ ನಿಯಮ ಇಷ್ಟು: “ಖಂಡಿತ” ಎಂದು ಟೈಪ್ ಮಾಡುವ ಮೊದಲು ಪಟ್ಟಿಯಲ್ಲಿ ಒಂದು ಸಾಲು. ಮೊದಲು ಸಾಲು, ಆಮೇಲೆ ಉತ್ತರ. ಈಗ ಬರೆಯಲಾಗದಿದ್ದರೆ ಈಗ ಉತ್ತರವೂ ಇಲ್ಲ.

ಕೊನೆಯದು ಪರಿಶೀಲನೆ. ವಾರಕ್ಕೊಮ್ಮೆ, ಶುಕ್ರವಾರ ಸಂಜೆ, ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದುವುದು. ಹೊಸ ಆ್ಯಪ್‌ಗೆ ಸಾಗಿಸುವಾಗ ಮಾಡುತ್ತಿದ್ದುದನ್ನೇ, ಸಾಗಿಸದೆ ಮಾಡುವುದು.

ನಡೆದದ್ದು

ಮೊದಲ ಶುಕ್ರವಾರ ಬಹಳ ಹೊತ್ತು ಹಿಡಿಯಿತು. ಅರ್ಧದಷ್ಟು ಸಾಲು ಅಳಿಸಿದರು. “ವಿಮೆ” ಎಂಬುದು “ಏಜೆಂಟರಿಗೆ ಫೋನ್ ಮಾಡಿ, ನಾಮಿನಿ ಬದಲಿಸಲು ಯಾವ ಫಾರ್ಮ್ ಬೇಕು ಕೇಳು” ಎಂದಾಯಿತು. ಮರುದಿನ ಐದು ನಿಮಿಷದಲ್ಲಿ ಮುಗಿಯಿತು. ಇಂಥ ಗೆಲುವುಗಳಿಂದ ಉತ್ಸಾಹ ಏರಿತು.

ಮೂರನೆಯ ಶುಕ್ರವಾರ ತಪ್ಪಿತು. ನಾಲ್ಕನೆಯದೂ ತಪ್ಪಿತು. ಆ ವಾರಾಂತ್ಯಕ್ಕೆ ಅವರ ಫೋನಿನಲ್ಲಿ ಹೊಸ ಆ್ಯಪ್ ಇಳಿದಿತ್ತು. ಅರ್ಧ ಪಟ್ಟಿ ಅದಕ್ಕೆ ಸಾಗಿಸಿಯೂ ಆಗಿತ್ತು. ಅವರೇ ಹೇಳಿದ್ದರಿಂದ ನನಗೆ ಗೊತ್ತಾದದ್ದು. ದನಿಯಲ್ಲಿ ತಪ್ಪೊಪ್ಪಿಗೆಯ ಅಳುಕಿತ್ತು. ಅಳುಕಬೇಕಾದ್ದೇನೂ ಇರಲಿಲ್ಲ. ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು ಲಂಡನ್ನಿನಲ್ಲಿ 96 ಜನರನ್ನು ಗಮನಿಸಿ ಮಾಡಿದ ಅಧ್ಯಯನದಲ್ಲಿ, ಒಂದು ಅಭ್ಯಾಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಬೇಕಾಗುತ್ತದೆ ಎಂದು ಅಂದಾಜಿಸಿದ್ದರು. ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನದವರೆಗೆ ಹರಡಿತ್ತು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳುವುದಿಲ್ಲ ಎಂಬುದೂ ಅದರಲ್ಲೇ ಇದೆ. ಜನ ಮೊದಲ ಅಂಕಿಯನ್ನಷ್ಟೇ ಎತ್ತಿಕೊಂಡು ಹೋಗುತ್ತಾರೆ. ಅವೆಲ್ಲ ದಿನವೂ ಮಾಡುವ ಅಭ್ಯಾಸಗಳು, ವಾರಕ್ಕೊಮ್ಮೆ ಮಾಡುವುದಕ್ಕೆ ಆ ಲೆಕ್ಕ ಹಾಗೆಯೇ ಹೊಂದುವುದಿಲ್ಲ ಎಂಬುದನ್ನೂ ಅವರಿಗೆ ಹೇಳಿದೆ.

ಹಾಗಾಗಿ ತಪ್ಪಿದ್ದಕ್ಕಿಂತ ಏಕೆ ತಪ್ಪಿತು ಎಂಬುದನ್ನು ನೋಡಿದೆವು. ಕಾರಣ ಬಹಳ ಸಾಧಾರಣ. ಗ್ರಾಹಕರೆಲ್ಲ ವಾರಾಂತ್ಯಕ್ಕೆ ಮುನ್ನ ತಮ್ಮ ಮೇಜು ಖಾಲಿ ಮಾಡಿಕೊಳ್ಳಲು ಶುಕ್ರವಾರವೇ ಕೆಲಸ ಕಳಿಸುತ್ತಾರೆ. ಅಂದು ಸಂಜೆ ಪಟ್ಟಿ ಓದುವ ಮನಸ್ಸು ಯಾರಿಗೂ ಇರುವುದಿಲ್ಲ. ಪರಿಶೀಲನೆಯನ್ನು ಬುಧವಾರ ಬೆಳಿಗ್ಗೆಗೆ, ಮಗು ಶಾಲೆಗೆ ಹೋದ ಕೂಡಲೆ, ಇಮೇಲ್ ತೆರೆಯುವ ಮುಂಚಿನ ಹೊತ್ತಿಗೆ ತಂದರು. ವಾರದ ಕೊನೆಗೆ ಲೆಕ್ಕ ಒಪ್ಪಿಸಬೇಕೆಂಬ ಹಠ ಬಿಟ್ಟ ಮೇಲೆ ಅದು ನಿಂತಿತು. ಹೊಸದಾಗಿ ಇಳಿಸಿಕೊಂಡಿದ್ದ ಆ್ಯಪ್ ತಾನಾಗಿಯೇ ಮೂಲೆಗೆ ಸರಿಯಿತು.

ಫೋನ್ ಕರೆಗಳದು ಮಾತ್ರ ತೂತಾಗಿಯೇ ಉಳಿದಿತ್ತು. ಮಾತಾಡುತ್ತ ಬರೆಯಲಾಗುವುದಿಲ್ಲ, ಇಟ್ಟ ಮೇಲೆ ನೆನಪಿರುವುದಿಲ್ಲ. ಇದಕ್ಕೆ ಅವರೇ ಕಂಡುಕೊಂಡ ಉಪಾಯ ನನಗೆ ಇಡೀ ಪ್ರಕರಣದಲ್ಲೇ ಹೆಚ್ಚು ಇಷ್ಟವಾದದ್ದು. ಕರೆ ಮುಗಿದ ಕೂಡಲೆ ಅದೇ ವ್ಯಕ್ತಿಗೆ ಒಂದು ಮೆಸೇಜ್: “ಬುಧವಾರದೊಳಗೆ ಎರಡು ಅಧ್ಯಾಯ ತಿದ್ದಿ ಕಳಿಸ್ತೀನಿ, ಸರಿ ತಾನೆ?” ಅವರಿಗೆ ದಾಖಲೆ, ತನಗೂ ದಾಖಲೆ, ಆ ಸಾಲನ್ನೇ ನಕಲು ಮಾಡಿ ಪಟ್ಟಿಗೆ ಹಾಕಿದರೆ ಮುಗಿಯಿತು.

ಇದರಿಂದ ಯಾರೂ ನಿರೀಕ್ಷಿಸದ ಒಂದು ಫಲ ಬಂತು. ಹಲವರು ಉತ್ತರಿಸಿದ್ದು ಹೀಗೆ: “ಅಯ್ಯೋ, ಬುಧವಾರಾನೇ ಬೇಕು ಅಂತೇನಿಲ್ಲ ಮೇಡಂ, ಮುಂದಿನ ವಾರ ಆದ್ರೂ ನಡಿಯತ್ತೆ.” ರಾತ್ರಿ ಎದ್ದು ಕೂತು ಮುಗಿಸುತ್ತಿದ್ದ ಗಡುವುಗಳಲ್ಲಿ ಎಷ್ಟನ್ನು ಗ್ರಾಹಕರು ಕೊಟ್ಟಿದ್ದರು, ಎಷ್ಟನ್ನು ಅವರೇ ಊಹಿಸಿಕೊಂಡಿದ್ದರು ಎಂಬುದು ಆಗ ಬಯಲಾಯಿತು. ಕೇಳಿದ್ದರೆ ಗೊತ್ತಾಗುತ್ತಿತ್ತು, ಆದರೆ ಕೇಳುವುದೆಂದರೆ ಕೆಲಸ ತಡವಾಗುತ್ತದೆ ಎಂದು ಒಪ್ಪಿಕೊಂಡಂತೆ ಎಂದು ಅವರು ತಿಳಿದಿದ್ದರು.

ಇನ್ನೊಂದು ಫಲ ಅಷ್ಟು ಸಿಹಿಯಲ್ಲ. ಸುಳ್ಳು ದಿನಾಂಕಗಳೆಲ್ಲ ಹೋದ ಮೇಲೆ ನಿಜವಾದ ದಿನಾಂಕಗಳು ಮೊದಲ ಸಲ ಒಟ್ಟಿಗೆ ಕಣ್ಣಿಗೆ ಬಿದ್ದವು. ಕ್ಯಾಲೆಂಡರಿನಲ್ಲಿ ಮುಂದಿನ ತಿಂಗಳ ಪುಟ ತೆರೆದು ಅವನ್ನು ಇಟ್ಟು ನೋಡಿದರೆ, ದಿನಕ್ಕೆ ಎಷ್ಟು ಗಂಟೆ ಕೂತರೂ ಮುಗಿಯದಷ್ಟು ಕೆಲಸ ಒಪ್ಪಿಕೊಂಡಿದ್ದರು. ಅಷ್ಟು ವರ್ಷ ಗೊಂದಲವೇ ಅದನ್ನು ಮುಚ್ಚಿಟ್ಟಿತ್ತು: ಮುಗಿಯದಿದ್ದರೆ ‘ನಾನು ಶಿಸ್ತಿಲ್ಲದವಳು’ ಎಂದು ಬೈದುಕೊಳ್ಳಬಹುದಿತ್ತು, ಒಪ್ಪಿಕೊಂಡಿದ್ದೇ ಹೆಚ್ಚು ಎಂದು ನೋಡಬೇಕಾಗಿರಲಿಲ್ಲ. ಇದಕ್ಕೆ ಯಾವ ಆ್ಯಪ್‌ನಲ್ಲೂ ಬಟನ್ ಇಲ್ಲ. ತಿಂಗಳ ವರದಿಯ ಗ್ರಾಹಕರನ್ನು ಅವರು ಬಿಟ್ಟುಕೊಟ್ಟರು. ಆದಾಯ ಕೆಲವು ತಿಂಗಳು ಇಳಿಯಿತು. ಮನೆಯಲ್ಲಿ ಅದರ ಬಗ್ಗೆ ಮಾತೂ ಆಯಿತು. ನಾನು ಇದನ್ನು ಯಶಸ್ಸಿನ ಲೆಕ್ಕಕ್ಕೆ ಹಾಕುತ್ತೇನೆ, ಆದರೆ ಆ ತಿಂಗಳುಗಳಲ್ಲಿ ಅವರು ಹಾಗೆ ಹೇಳುತ್ತಿರಲಿಲ್ಲ.

ಇದರಿಂದ ಏನು ತಿಳಿಯುತ್ತದೆ

ಕೆಲವು ತಿಂಗಳ ನಂತರವೂ ಅವರು ಅದೇ ಸಾದಾ ಆ್ಯಪ್‌ನಲ್ಲಿದ್ದಾರೆ. ಪಟ್ಟಿ ನಲವತ್ತರ ಆಸುಪಾಸು ನಿಲ್ಲುತ್ತದೆ. ದಿನಾಂಕವಿರುವುದು ಹತ್ತಕ್ಕಿಂತ ಕಡಿಮೆ. ರಾತ್ರಿಯ ‘ನಾಳೆ’ ಒತ್ತುವ ಪದ್ಧತಿ ನಿಂತಿದೆ, ಒತ್ತಲು ಅಲ್ಲಿ ಏನೂ ಇರುವುದಿಲ್ಲ. ಫೋನ್ ತೆಗೆದು ನೋಡುವುದು ಇಳಿದಿದೆ, ಪೂರ್ತಿ ಹೋಗಿಲ್ಲ.

ಇಂಥ ದೂರಿನೊಂದಿಗೆ ಯಾರೇ ಬಂದರೂ ಈಗ ನಾನು ಮೊದಲು ಕೇಳುವುದು ಹಿಂದಿನ ಆ್ಯಪ್ ಏಕೆ ಬಿಟ್ಟಿರಿ ಎಂದಲ್ಲ, ಅದರ ಮೊದಲ ವಾರ ಏನು ಮಾಡಿದಿರಿ ಎಂದು. ಉತ್ತರದಲ್ಲಿ ಬಹುಪಾಲು ಒಂದು ಪರಿಶೀಲನೆ ಅಡಗಿರುತ್ತದೆ. ಆ ಪರಿಶೀಲನೆಯನ್ನು ಬೇರ್ಪಡಿಸಿ ತೆಗೆಯಲು ಸಾಧ್ಯವಾದರೆ ಆ್ಯಪ್ ಯಾವುದೆಂಬ ಪ್ರಶ್ನೆಯ ತೂಕ ಇಳಿಯುತ್ತದೆ. ಇಳಿಯುತ್ತದೆ ಎಂದೆ, ಹೋಗಿಬಿಡುತ್ತದೆ ಎನ್ನಲಿಲ್ಲ: ಕನ್ನಡದಲ್ಲಿ ಹುಡುಕಲಾಗದ, ಬರೆಯುವಾಗ ಹತ್ತು ಪ್ರಶ್ನೆ ಕೇಳುವ, ಹೊರಗೆ ಏನನ್ನೂ ಬಿಟ್ಟುಕೊಡದ ಆ್ಯಪ್ ಒಳ್ಳೆಯ ಅಭ್ಯಾಸವನ್ನೂ ಕೆಡಿಸಬಲ್ಲದು.

ಸುಳ್ಳು ದಿನಾಂಕದ ಅಪಾಯ ಜನ ತಿಳಿದಿರುವುದಕ್ಕಿಂತ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಹತ್ತು ಸುಳ್ಳು ಗಡುವಿನ ನಡುವೆ ಒಂದು ನಿಜವಾದದ್ದಿದ್ದರೆ ಕಣ್ಣು ಅದನ್ನೂ ದಾಟಿಹೋಗುತ್ತದೆ. ಆ್ಯಪ್‌ಗಳು ದಿನಾಂಕ ಹಾಕುವುದನ್ನು ಅತಿ ಸುಲಭ ಮಾಡಿ, ಅದು ದಾಟಿದಾಗ ಕೆಂಪು ತೋರಿಸುವುದನ್ನು ಉಪಕಾರವೆಂದು ಭಾವಿಸಿವೆ. ದಿನಾಂಕ ಹಾಕುವಾಗ “ಇದು ದಾಟಿದರೆ ಯಾರಿಗೆ ತೊಂದರೆ?” ಎಂದು ಕೇಳುವ ಆ್ಯಪ್ ಬಂದರೆ ನಾನೂ ಒಮ್ಮೆ ಇಳಿಸಿಕೊಂಡು ನೋಡುತ್ತೇನೆ.

ಸರಿಯಾಗದೆ ಉಳಿದದ್ದೂ ಇದೆ. ಮನೆಯ ಕೆಲಸಕ್ಕೆಂದು ಪತಿಯ ಜೊತೆ ಹಂಚಿಕೊಂಡ ಪಟ್ಟಿ ಮೇಲೇಳಲೇ ಇಲ್ಲ. ಅದರಲ್ಲಿ ಬರೆಯುವವರು ಇವರೊಬ್ಬರೇ, ಓದುವವರೂ ಇವರೊಬ್ಬರೇ. “ನೀನು ಹೇಳಿದ್ರೆ ಮಾಡ್ತೀನಲ್ಲ” ಎಂಬುದು ಆ ಕಡೆಯ ಉತ್ತರ. ಆ ಪಟ್ಟಿಯ ತೊಡಕು ಉಪಕರಣದ್ದಲ್ಲವಾದ್ದರಿಂದ ನಾನೂ ಅದಕ್ಕೆ ಕೈ ಹಾಕಲಿಲ್ಲ. ಹಳೆಯ ಫೋಟೋ ಜೋಡಿಸುವ ಸಾಲು ಪ್ರತಿ ಬುಧವಾರವೂ ಓದಿಸಿಕೊಂಡು ಅಲ್ಲೇ ಇದೆ. ಅಳಿಸಲು ಮನಸ್ಸಿಲ್ಲ ಎನ್ನುತ್ತಾರೆ.

ಒಬ್ಬರೇ ಕೂತು ಮಾಡುವ, ಗಡುವನ್ನು ಮಾತಾಡಿ ಹೊಂದಿಸಿಕೊಳ್ಳಬಹುದಾದ ಕೆಲಸದಲ್ಲಿ ಇಷ್ಟೆಲ್ಲ ಸಾಧ್ಯವಾಯಿತು. ಪಾಳಿಯಲ್ಲಿ ದುಡಿಯುವವರಿಗೆ, ತಂಡದ ಆ್ಯಪ್‌ನಲ್ಲಿ ಬೇರೆಯವರು ದಿನಾಂಕ ಹಾಕಿ ಕೊಡುವವರಿಗೆ ದಿನಾಂಕದ ನಿಯಮ ನಡೆಯುವುದಿಲ್ಲ. ಅಂಥವರ ಜೊತೆ ಕೂತಾಗ ಮೊದಲು ಕೆಲಸ ಬರುವ ದಾರಿಗಳ ಹಾಳೆಯನ್ನಷ್ಟೇ ತುಂಬಿಸುತ್ತೇನೆ. ಮುಂದಿನ ಹೆಜ್ಜೆ ಆ ಹಾಳೆಯಲ್ಲಿ ಏನು ಕಾಣುತ್ತದೆ ಎಂಬುದರ ಮೇಲಿದೆ.